ಬೆನ್ನುಹುರಿಯ ಆಘಾತ

ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಶರೀರಶಾಸ್ತ್ರವೇಕೆ ಎಂದು ವಾಚಕರು ಕೇಳಬಹುದು. ತೆಂಗಿನ ಮರದಿಂದ ಬಿದ್ದವನನ್ನು ಮೊದಲು ಎತ್ತುವವರು ವೈದ್ಯರಲ್ಲ, ನಮ್ಮಂಥವರೇ. ಕೈಕಾಲು ಹಿಡಿದು ಜೋಲಿಯಂತೆ ಎತ್ತಿದರೆ ಉಳಿದಿದ್ದ ನರವೂ ಹೋದೀತು. ಮೈಯನ್ನು ಬಾಗಿಸದೆ, ಕುತ್ತಿಗೆ ಅಲುಗದಂತೆ ಹಲಗೆಯ ಮೇಲೆ ಸಾಗಿಸಬೇಕು.

ಬೆನ್ನುಹುರಿಯು ಸುಮಾರು 45 ಸೆಂಟಿಮೀಟರು ಉದ್ದದ ನರಗಳ ಹುರಿ. ಮಿದುಳಿನ ಆಜ್ಞೆಯನ್ನು ಒಯ್ಯುವುದಷ್ಟೇ ಅದರ ಕೆಲಸವಲ್ಲ. ಮುಳ್ಳು ಚುಚ್ಚಿದೊಡನೆ ಕಾಲನ್ನು ಹಿಂದೆಳೆಯುವಂಥ ಪರಾವರ್ತಿತ ಕ್ರಿಯೆಗಳನ್ನು ಅದು ಮಿದುಳನ್ನು ಕೇಳದೆಯೇ ನಡೆಸುತ್ತದೆ. ಹಾಗಿದ್ದಮೇಲೆ ಹುರಿಯು ಮೇಲ್ಭಾಗದಲ್ಲಿ ತುಂಡಾದರೂ ಕೆಳಗಿನ ಈ ಕ್ರಿಯೆಗಳು ಉಳಿಯಬೇಕಷ್ಟೆ? ಉಳಿಯುವುದಿಲ್ಲ! ಮಂಡಿಯ ಕೆಳಗೆ ತಟ್ಟಿದರೆ ಕಾಲು ಒದೆಯದು, ಸ್ನಾಯುಗಳು ಒದ್ದೆ ಬಟ್ಟೆಯಂತೆ ಸಡಿಲವಾಗುತ್ತವೆ, ಮೂತ್ರವು ಕಟ್ಟಿಕೊಳ್ಳುತ್ತದೆ. ಇದೇ ಬೆನ್ನುಹುರಿಯ ಆಘಾತ. ರಕ್ತದ ಒತ್ತಡ ಕುಸಿಯುವುದಕ್ಕೂ ಆಘಾತವೆಂಬ ಹೆಸರುಂಟು. ಅದು ಬೇರೆ, ಜೀವಕ್ಕೇ ಅಪಾಯ.

ಹದಿನೆಂಟನೆಯ ಶತಮಾನದಲ್ಲಿ ಎಡಿನ್‌ಬರೋದ ರಾಬರ್ಟ್ ವೈಟ್ ಎಂಬ ವೈದ್ಯರು ತಲೆ ಕತ್ತರಿಸಿದ ಕಪ್ಪೆಯು ಮೊದಲು ನಿಶ್ಚಲವಾಗಿದ್ದು, ಕೆಲವು ನಿಮಿಷಗಳ ಬಳಿಕ ಕಾಲನ್ನು ಚುಚ್ಚಿದರೆ ಎಳೆದುಕೊಳ್ಳುವುದನ್ನು ಕಂಡಿದ್ದರು. ಮುಂದಿನ ಶತಮಾನದಲ್ಲಿ ಮಾರ್ಷಲ್ ಹಾಲ್ ಇದಕ್ಕೆ ಆಘಾತವೆಂಬ ಹೆಸರನ್ನು ತಂದರು. ಕಪ್ಪೆಗೆ ನಿಮಿಷಗಳು, ಬೆಕ್ಕಿಗೆ ಗಂಟೆಗಳು, ಮನುಷ್ಯನಿಗೆ ವಾರಗಳು! ಮಿದುಳು ದೊಡ್ಡದಾದಷ್ಟೂ ಹುರಿಯು ಅದನ್ನೇ ನೆಚ್ಚಿಕೊಂಡಿರುತ್ತದೆ. ಮೇಲಿನಿಂದ ಸದಾ ಇಳಿಯುತ್ತಿದ್ದ ಉತ್ತೇಜನ ಥಟ್ಟನೆ ನಿಂತಾಗ ಕೆಳಗಿನ ನರಕೋಶಗಳು ಜಡವಾಗುತ್ತವೆ. ಬರಬರುತ್ತ ಅವು ಅಲ್ಪ ಪ್ರಚೋದನೆಗೂ ಸ್ಪಂದಿಸುವಷ್ಟು ಸೂಕ್ಷ್ಮವಾಗುತ್ತವೆ. ಹೊಸ ನರತಂತುಗಳೂ ಚಿಗುರುತ್ತವೆ. ಆಗ ಸಡಿಲವಾಗಿದ್ದ ಕಾಲು ಸೆಡೆತುಕೊಂಡು, ಹೊದಿಕೆ ತಗುಲಿದರೂ ಜಗ್ಗುತ್ತದೆ.

ಮನೆಯವರು ಮೋಸಹೋಗುವುದು ಇಲ್ಲಿಯೇ. ಕಾಲು ಅಲುಗಿತೆಂದು ಹರಕೆ ತೀರಿಸಲು ಹೊರಡುತ್ತಾರೆ. ಆದರೆ ಅದು ಹುರಿಯ ಚಲನೆ, ರೋಗಿಯ ಇಚ್ಛೆಯದಲ್ಲ. ಹಾಗೆಂದು ಮೊದಲ ದಿನವೇ ಎಲ್ಲ ಮುಗಿಯಿತೆನ್ನುವುದೂ ಅಷ್ಟೇ ತಪ್ಪು. ಆಘಾತದ ಮರೆಯಲ್ಲಿ ಎಷ್ಟು ನರ ಉಳಿದಿದೆಯೆಂದು ಆಗ ಖಚಿತವಾಗಿ ತಿಳಿಯದು. ಗುದದ್ವಾರದ ಸುತ್ತ ಸ್ಪರ್ಶಜ್ಞಾನವಿದ್ದರೆ, ಹೇಳಿದಾಗ ಹೆಬ್ಬೆರಳು ತುಸುವಾದರೂ ಅಲುಗಿದರೆ ವೈದ್ಯರು ಆಶೆ ತಾಳುತ್ತಾರೆ.

ಕಾಯುವ ಆ ವಾರಗಳಲ್ಲಿ ರೋಗಿಯನ್ನು ಕೊಲ್ಲುತ್ತಿದ್ದುದು ಮೂತ್ರದ ಸೋಂಕು ಮತ್ತು ಹಾಸಿಗೆ ಹುಣ್ಣು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ಲಿನಲ್ಲಿ ಲುಡ್ವಿಗ್ ಗುಟ್‌ಮನ್ನರು ಎರಡೆರಡು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ, ರೋಗಿಗಳನ್ನು ಮಗ್ಗುಲಾಗಿಸುವ ನಿಯಮ ತಂದರು. 1948ರಲ್ಲಿ ಅಲ್ಲಿಯ ಅಂಗಳದಲ್ಲಿ ಹದಿನಾರು ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯ ಪಂದ್ಯವಾಡಿದರು.