ಊಜಿ ನೊಣದ ಬೆನ್ನಿಗೆ ಬಿದ್ದ ಕಣಜ

ಕೃಷಿ ಮೇಳಗಳಲ್ಲಿ ಮಿತ್ರಕೀಟ, ಶತ್ರುಕೀಟ ಎಂದು ಎರಡು ಸಾಲು ಮಾಡಿ ಚಿತ್ರ ತೂಗುಹಾಕಿರುತ್ತಾರೆ. ರೇಷ್ಮೆ ಮಾಡುವ ನಮ್ಮಂಥವರಿಗೆ ಆ ಎರಡು ಸಾಲಿನ ಲೆಕ್ಕ ಹೊಂದುವುದಿಲ್ಲ. ಎಲೆ ತಿನ್ನುವ ಹುಳದ ಮೈಮೇಲೆ ಮೊಟ್ಟೆಯಿಟ್ಟು, ಮರಿಯನ್ನು ಅದರ ಹೊಟ್ಟೆಯೊಳಗೆ ಬೆಳೆಸುವ ನೊಣ ತೊಗರಿಯವನಿಗೂ ಹತ್ತಿಯವನಿಗೂ ಮಿತ್ರ. ನಾವು ಸಾಕುವುದೇ ಎಲೆ ತಿನ್ನುವ ಹುಳವನ್ನು. ಹಾಗಾಗಿ ಅದೇ ಕುಲದ ಊಜಿ ನೊಣ ನಮ್ಮ ಹುಳುಮನೆಗೆ ಹೊಕ್ಕರೆ ಬೆಳೆ ಹೋದಂತೆಯೇ. 1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನ ಜೊತೆ ಕರ್ನಾಟಕಕ್ಕೆ ಬಂದದ್ದು, ಮತ್ತೆ ಹೋಗಲೇ ಇಲ್ಲ.

ಊಜಿ ಮಾಡುವ ಕೆಲಸ ಅಚ್ಚುಕಟ್ಟು. ಹುಳದ ಮೈಮೇಲೆ ಸೂಜಿ ಮೊನೆಯಷ್ಟು ಬಿಳಿ ಮೊಟ್ಟೆ ಅಂಟಿಸುತ್ತದೆ. ಎರಡು ಮೂರು ದಿನಕ್ಕೆ ಮರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಕಲೆ ನಿಲ್ಲುತ್ತದೆ. ಮೂರನೇ ಜ್ವರದ, ಅಂದರೆ ಹುಳ ಪೊರೆ ಕಳಚುವ ಹೊತ್ತಿನ, ಆಸುಪಾಸಿನಲ್ಲಿ ತಗುಲಿದ ಹುಳ ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಹಣ್ಣಾಗುವ ಹೊತ್ತಿಗೆ ತಗುಲಿದ್ದು ಇನ್ನೂ ಕೆಟ್ಟದ್ದು: ಹುಳ ಗೂಡು ಕಟ್ಟುತ್ತದೆ, ಆಮೇಲೆ ಊಜಿಯ ಮರಿ ಅದನ್ನು ತೂತು ಕೊರೆದು ಹೊರಬೀಳುತ್ತದೆ. ತೂತು ಗೂಡಿನಿಂದ ನೂಲು ತೆಗೆಯಲಾಗದು, ರಾಮನಗರದ ಮಾರುಕಟ್ಟೆಯಲ್ಲಿ ರೀಲರ್ ಒಂದು ಹಿಡಿ ಎತ್ತಿ ನೋಡಿದರೆ ಸಾಕು, ಇಡೀ ಲಾಟಿನ ಬೆಲೆ ಇಳಿಯುತ್ತದೆ. ಉದುರಿದ ಮರಿ ನೆಲದ ಬಿರುಕಿಗೆ, ಹುಳ ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿಯ ಅಡಿಗೆ, ಕಸದ ಗುಡ್ಡೆಗೆ ಸೇರಿ ಕಂದು ಕೋಶವಾಗಿ ಕೂರುತ್ತದೆ. ಹತ್ತು ಹನ್ನೆರಡು ದಿನಕ್ಕೆ ಹೊಸ ನೊಣ.

ಹುಳುಮನೆಯೊಳಗೆ ಔಷಧಿ ಹೊಡೆಯುವ ಹಾಗಿಲ್ಲ. ನೊಣ ಸಾಯುವ ಔಷಧಿಗೆ ಹುಳವೂ ಸಾಯುತ್ತದೆ. ಕಿಟಕಿಗೆ ನೈಲಾನ್ ಜಾಲರಿ, ಎರಡು ಬಾಗಿಲ ನಡುವೆ ಸಣ್ಣ ಕೋಣೆ, ಇವು ಹೊರಗಿನ ನೊಣವನ್ನು ತಡೆಯುತ್ತವೆ. ಒಳಗೇ ಬಿರುಕಿನಲ್ಲಿ ಕೂತಿರುವ ಕೋಶಕ್ಕೆ ಜಾಲರಿ ಏನು ಮಾಡೀತು? ಅಲ್ಲಿಗೆ ಹೋಗಬಲ್ಲದ್ದು ನೆಸೋಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜ. ಕಣ್ಣಿಗೆ ಒಂದು ಚುಕ್ಕೆ ಅಷ್ಟೇ. ಊಜಿಯ ಕೋಶ ಹುಡುಕಿ ಅದರೊಳಗೆ ಮೊಟ್ಟೆಯಿಡುತ್ತದೆ. ಒಂದೇ ಕೋಶದಿಂದ ನೊಣದ ಬದಲು ಹತ್ತಾರು ಕಣಜ ಹೊರಬರುತ್ತವೆ. ರೇಷ್ಮೆ ಹುಳಕ್ಕೆ ಅದು ಏನೂ ಮಾಡುವುದಿಲ್ಲ. ನಾನು ಮೊದಲ ಸಲ ಅದರ ಪೌಚನ್ನು ಹುಳುಮನೆಯಲ್ಲಿ ನೇತುಹಾಕಿದಾಗ ಪಕ್ಕದ ಮನೆಯ ಅಣ್ಣ, "ನೊಣಕ್ಕೆ ನೊಣ ಬಿಡ್ತಾನಂತೆ ನೋಡ್ರಪ್ಪ" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರು.

ನನ್ನನ್ನು ಬಹಳ ಕಾಡಿದ ಸಂಗತಿ ಕಣಜ ಬಿಡುವ ಕಾಲ. ನೂರು ಮೊಟ್ಟೆ ಗುಂಪಿನ ಸಾಕಣೆಗೆ ಒಂದು ಲಕ್ಷ ಕಣಜ, ಮೂರು ಕಂತಿನಲ್ಲಿ ಎಂಬುದು ಶಿಫಾರಸು. ನಾಲ್ಕನೇ ಜ್ವರ ಎದ್ದ ಮೇಲೆ ಸ್ವಲ್ಪ, ಹುಳ ಚಂದ್ರಂಕಿಗೆ ಹತ್ತಿದಾಗ ಇನ್ನಷ್ಟು, ಉಳಿದ ಮುಕ್ಕಾಲು ಪಾಲನ್ನು ಬಿಡುವುದು ಗೂಡು ಬಿಡಿಸಿ ಮಾರಿದ ಮೇಲೆ! ಖಾಲಿ ಮನೆಗೆ ಕಣಜ ಬಿಡುವುದು ಯಾರಿಗಾದರೂ ದುಡ್ಡು ದಂಡ ಅನಿಸುತ್ತದೆ. ಆದರೆ ಕೋಶಗಳು ಹೆಚ್ಚಿರುವುದು ಆಗಲೇ. ಈ ಬೆಳೆಯ ನಷ್ಟ ಈಗಾಗಲೇ ಆಗಿಹೋಗಿರುತ್ತದೆ, ಕಣಜ ಉಳಿಸುವುದು ಮುಂದಿನ ಬೆಳೆಯನ್ನು. ಗೂಡಿನ ದುಡ್ಡು ಕೈಗೆ ಬಂದ ದಿನ ಮುಂದಿನ ಬೆಳೆಯ ಊಜಿಯನ್ನು ನೆನೆಯುವ ಮನಸ್ಸು ಯಾರಿಗಿರುತ್ತದೆ? ಮೂರನೇ ಕಂತು ತಪ್ಪಿಸಿ "ಕಣಜ ಕೆಲಸ ಮಾಡಲ್ಲ" ಎನ್ನುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ.

ತೋಟದ ಲೆಕ್ಕವೇ ಬೇರೆ. ಹಿಪ್ಪುನೇರಳೆಯ ಕುಡಿ ಮುದುಡಿ ಗಂಟುಗಟ್ಟಿದರೆ ಅದು ತುಕ್ರಾ ಎಂಬ ರೋಗ. ಅದರೊಳಗೆ ಹಿಟ್ಟು ತಿಗಣೆ ಕೂತಿರುತ್ತದೆ, ಅದನ್ನು ತಿನ್ನಲು ಕ್ರಿಪ್ಟೋಲೇಮಸ್ ಎಂಬ ಗುಲಗಂಜಿ ಹುಳು ಬಿಡುತ್ತೇವೆ. ಆಸ್ಟ್ರೇಲಿಯಾ ಮೂಲದ್ದು, 1898ರಲ್ಲಿ ಕಾಫಿಯ ಶಲ್ಕ ಕೀಟಕ್ಕೆಂದು ಭಾರತಕ್ಕೆ ತರಿಸಿದ್ದು. ಕೆಂಪು ಮೈ, ಚುಕ್ಕೆ ಇದಕ್ಕಿಲ್ಲ. ಮೈ ಕಪ್ಪು, ತಲೆ ಕಿತ್ತಳೆ. ತೊಂದರೆ ಇರುವುದು ಅದರ ಮರಿಯಲ್ಲಿ. ಮೈತುಂಬ ಬಿಳಿ ಮೇಣದ ಎಳೆ ಹೊದ್ದು ಥೇಟ್ ಹಿಟ್ಟು ತಿಗಣೆಯ ಹಾಗೇ ಕಾಣುತ್ತದೆ. ಕುಡಿ ಚಿವುಟಿ ಸುಡಿ ಎಂದು ಕೂಲಿಯವರಿಗೆ ಹೇಳಿದರೆ, ತಿಗಣೆ ತಿನ್ನುತ್ತಿದ್ದ ಮರಿಯೂ ಬೆಂಕಿಗೆ ಹೋಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ ಎನ್ನುತ್ತೇನೆ: ದೊಡ್ಡದಾಗಿದ್ದು ಚುರುಕಾಗಿ ಓಡಿದರೆ ನಮ್ಮದು, ಮಂಕಾಗಿ ಕೂತಿದ್ದರೆ ತಿಗಣೆ. ಗಿಡದ ಮೇಲೆ ಇರುವೆ ಸಾಲು ಇದ್ದರೆ ಗುಲಗಂಜಿ ಬಿಟ್ಟರೂ ಫಲ ಕಡಿಮೆ. ತಿಗಣೆಯ ಸಿಹಿ ಅಂಟಿಗೆ ಬರುವ ಇರುವೆ ಅದನ್ನು ಕಾವಲು ಕಾಯುತ್ತದೆ, ಗುಲಗಂಜಿಯನ್ನು ಓಡಿಸುತ್ತದೆ. ಇನ್ನು ಸೊಪ್ಪು ಕೊಯ್ದಾಗಲೆಲ್ಲ ತಿಗಣೆಯ ಜೊತೆ ಗುಲಗಂಜಿಯೂ ಹೋಗುವುದರಿಂದ, ಒಮ್ಮೆ ಬಿಟ್ಟರೆ ಮುಗಿಯಿತು ಎಂಬ ಮಾತು ನಮ್ಮ ತೋಟಕ್ಕೆ ಸಲ್ಲದು.

ಹಾಗೆ ಮುಗಿದದ್ದನ್ನೂ ಕಂಡಿದ್ದೇವೆ. ಪರಂಗಿಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಪರಂಗಿಯ ಜೊತೆ ಹಿಪ್ಪುನೇರಳೆ, ಮರಗೆಣಸನ್ನೂ ಹಿಡಿದು ಕರ್ನಾಟಕಕ್ಕೆ ಬಂತು. ಎಷ್ಟು ಔಷಧಿ ಹೊಡೆದರೂ ಮೇಣದ ಹೊದಿಕೆಯೊಳಗೆ ಇಳಿಯುತ್ತಿರಲಿಲ್ಲ. ಅದು ಮೆಕ್ಸಿಕೋ ಕಡೆಯ ಕೀಟ. ಅಲ್ಲಿ ಅದನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಕಣಜಗಳು ಇಲ್ಲಿರಲಿಲ್ಲ, ಅದು ಇಷ್ಟು ಹಬ್ಬಲು ಅದೇ ಕಾರಣ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೇಂದ್ರ ಸರ್ಕಾರದ ಕೀಟ ಸಂಸ್ಥೆ ಪೋರ್ಟೊರಿಕೋದಿಂದ ಅಸಿರೋಫೇಗಸ್ ಪಪಾಯೆ ಎಂಬ ಕಣಜವನ್ನು ತರಿಸಿ ಬೆಳೆಸಿ ಹಂಚಿತು. ಅದು ತಿಗಣೆಯೊಳಗೇ ಮೊಟ್ಟೆಯಿಡುತ್ತದೆ. ಆಮೇಲೆ ಆ ತಿಗಣೆಯ ಗೋಳು ಇಳಿಯಿತು. ಕಣಜ ಊರಿಗೆ ಹೊಂದಿಕೊಂಡಿತು. ಈಗಲೂ ಅಲ್ಲಲ್ಲಿ ತಿಗಣೆ ಸಿಗುತ್ತದೆ, ಸಿಗಲೂಬೇಕು. ತಿಗಣೆ ಪೂರ್ತಿ ಅಳಿದರೆ ಕಣಜವೂ ಅಳಿಯುತ್ತದೆ, ಮುಂದೊಮ್ಮೆ ತಿಗಣೆ ಮರಳಿದಾಗ ತಡೆಯಲು ಯಾರೂ ಇರುವುದಿಲ್ಲ. ಒಂದೂ ಹುಳ ಉಳಿಯಬಾರದು ಎಂದು ಔಷಧಿ ಟ್ಯಾಂಕು ಹೊರುವವನಿಗೆ ಇದನ್ನು ಒಪ್ಪಿಸುವುದು ಕಷ್ಟ.

ನೆಸೋಲಿಂಕ್ಸ್ ಪರಂಗಿಯ ಕಣಜದಷ್ಟು ಕಟ್ಟುನಿಟ್ಟಿನದಲ್ಲ ಎಂಬುದೂ ನಿಜ. ಊಜಿಯ ಕೋಶ ಸಿಗದಿದ್ದರೆ ಮನೆ ನೊಣದ ಕೋಶಕ್ಕೂ, ಬೇರೆ ಬೆಳೆಯ ಮಿತ್ರ ನೊಣದ ಕೋಶಕ್ಕೂ ಹೋಗುತ್ತದೆ. ಆದ್ದರಿಂದ ಅದನ್ನು ತೋಟದಲ್ಲಿ ಎರಚಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹುಳುಮನೆ, ಕಸದ ಗುಂಡಿ, ಅಷ್ಟಕ್ಕೇ.

ಊಜಿ ಹಾರುವ ಜೀವ, ಒಬ್ಬರ ಮನೆಯಲ್ಲಿ ಮಾತ್ರ ಕಣಜ ಬಿಟ್ಟರೆ ಪಕ್ಕದ ಕಸದ ಗುಂಡಿಯಿಂದ ಮತ್ತೆ ಬರುತ್ತದೆ. ಔಷಧಿಯ ಬಾಟಲಿಯಾದರೆ ಅಂಗಡಿಯಲ್ಲಿ ಯಾವಾಗ ಬೇಕಾದರೂ ಸಿಗುತ್ತದೆ. ಕಣಜವನ್ನು ಕೋಶದ ಮೇಲೆ ಬೆಳೆಸಿಯೇ ಕೊಡಬೇಕು, ಬಂದದ್ದನ್ನು ಇಟ್ಟುಕೊಂಡು ಕಾಯುವಂತಿಲ್ಲ. ಅದಕ್ಕೇ ಚಾಕಿ ಹುಳಕ್ಕೆ, ಅಂದರೆ ಎಳೆಯ ರೇಷ್ಮೆ ಹುಳಕ್ಕೆ, ಮುಂಗಡ ಕೊಡುವ ದಿನವೇ ಕಣಜಕ್ಕೂ ಹೇಳಿಬಿಡುತ್ತೇನೆ. ಈಗ ಪಕ್ಕದ ಮನೆಯ ಅಣ್ಣನ ಪಾಲನ್ನೂ ಅದರಲ್ಲೇ ಸೇರಿಸಿ ತರಿಸುತ್ತೇನೆ. ಮೂರನೇ ಕಂತಿನ ದುಡ್ಡು ಕೊಡುವಾಗ ಮಾತ್ರ ಅವರು ಇನ್ನೂ ಗೊಣಗುತ್ತಾರೆ.