ಬೋರ್ಡು: ಒಂದು ಪದದ ಪೂರ್ವಾಪರ

ಇಂಗ್ಲಿಷ್ ಅರಿಯದವರೂ ನಿತ್ಯವೂ ಆಡುವ ಇಂಗ್ಲಿಷ್ ಪದಗಳು ಕೆಲವುಂಟು. ‘ಬೋರ್ಡು’ ಅವುಗಳಲ್ಲೊಂದು. ಬಸ್ಸಿನ ಹಣೆಯಲ್ಲಿ ಬೋರ್ಡು, ಅಂಗಡಿಯ ಮುಂದೆ ಬೋರ್ಡು, ತರಗತಿಯ ಗೋಡೆಯಲ್ಲಿ ಬೋರ್ಡು, ಕೇರಂ ಆಡುವುದಕ್ಕೆ ಬೋರ್ಡು. ದೀಪ ಉರಿಯಬೇಕಾದರೆ ವಿದ್ಯುಚ್ಛಕ್ತಿ ಬೋರ್ಡು, ಪರೀಕ್ಷೆ ನಡೆಯಬೇಕಾದರೆ ಪರೀಕ್ಷಾ ಬೋರ್ಡು. ಪೇಟೆಯಲ್ಲಿ ರಾತ್ರಿ ತಂಗಬೇಕಾದವರು ‘ಬೋರ್ಡಿಂಗ್ ಎಂಡ್ ಲಾಜಿಂಗ್’ ಎಂಬ ಬರಹವನ್ನು ಹುಡುಕುತ್ತಾರೆ. ಮರದ ತುಂಡಿಗೂ ಸಭೆಗೂ ಅನ್ನಕ್ಕೂ ಒಂದೇ ಹೆಸರು ಬಂದುದು ಹೇಗೆ? ಈ ಶಾಲೆಯಲ್ಲಿಯೇ ಅಕ್ಷರ ಕಲಿತು, ಮುಂದೆ ಅನೇಕ ವರ್ಷ ಅನ್ಯತ್ರ ಇಂಗ್ಲಿಷ್ ಪಾಠ ಹೇಳಿದ ನನಗೆ ಈ ಪ್ರಶ್ನೆಯನ್ನು ಹಲವು ವಿದ್ಯಾರ್ಥಿಗಳು ಕೇಳಿದ್ದಾರೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅದನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ಕಾಸರಗೋಡಿನ ಕನ್ನಡ ಶಾಲೆಯೊಂದರ ಸಂಚಿಕೆಯಲ್ಲಿ ಇಂಗ್ಲಿಷ್ ಪದದ ಚರ್ಚೆ ಏತಕ್ಕೆಂದು ಓದುಗರು ಕೇಳಬಹುದು. ಅದಕ್ಕೆ ಉತ್ತರ ಲೇಖನದಲ್ಲಿಯೇ ದೊರೆತೀತೆಂದು ನಂಬಿದ್ದೇನೆ.

ಹಳೆಯ ಇಂಗ್ಲಿಷಿನಲ್ಲಿ, ಅಂದರೆ ಸುಮಾರು ಸಾವಿರ ವರ್ಷಗಳ ಹಿಂದಿನ ಆ ಭಾಷೆಯಲ್ಲಿ, ‘ಬೋರ್ಡ್’ ಎಂದರೆ ಮೊದಲನೆಯದಾಗಿ ಹಲಗೆ. ಜರ್ಮಾನಿಕ್ ಭಾಷಾವರ್ಗದ ಈ ಪದದ ಮೂಲವನ್ನು ಕತ್ತರಿಸು, ಸೀಳು ಎಂಬರ್ಥದ ಧಾತುವಿಗೆ ವಿದ್ವಾಂಸರು ಒಯ್ಯುತ್ತಾರೆ. ಮರವನ್ನು ಸೀಳಿದಾಗ ದೊರೆಯುವುದು ಹಲಗೆಯಲ್ಲವೆ? ಅದೇ ಕಾಲದಲ್ಲಿ ಅದೇ ರೂಪದ ಇನ್ನೊಂದು ಪದವೂ ಇದ್ದಿತು. ಅದರ ಅರ್ಥ ಅಂಚು, ಪಕ್ಕ. ವಿಶೇಷವಾಗಿ ಹಡಗಿನ ಪಕ್ಕ. ಇವೆರಡೂ ಒಂದೇ ಬೇರಿನಿಂದ ಬಂದವೋ ಬೇರೆ ಬೇರೆಯೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಆದರೆ ಎರಡೂ ಬೆರೆತು ಒಂದಾದುವೆಂಬುದು ನಿಶ್ಚಯ. ಹಡಗಿನ ಪಕ್ಕವೂ ಹಲಗೆಗಳಿಂದಲೇ ಕಟ್ಟಿದುದಾದ್ದರಿಂದ ಆಡುವವರಿಗೆ ಭೇದ ತೋರಲಿಲ್ಲ.

ಹಡಗಿನ ಅರ್ಥ ಇಂದಿಗೂ ಉಳಿದಿದೆ. ಹಡಗನ್ನೇರಿದವನು ‘ಅಬೋರ್ಡ್’, ನೀರಿಗೆ ಬಿದ್ದವನು ‘ಓವರ್‌ಬೋರ್ಡ್’. ಹಡಗಿನ ಬಲಪಕ್ಕಕ್ಕೆ ‘ಸ್ಟಾರ್‌ಬೋರ್ಡ್’ ಎಂಬ ಹೆಸರುಂಟು. ಇದರಲ್ಲಿ ನಕ್ಷತ್ರದ ಸುಳಿವೇನೂ ಇಲ್ಲ. ಉತ್ತರ ಯೂರೋಪಿನ ಹಳೆಯ ನೌಕೆಗಳಲ್ಲಿ ಚುಕ್ಕಾಣಿಯ ಹುಟ್ಟನ್ನು ಬಲಪಕ್ಕದಲ್ಲಿ ಕಟ್ಟುತ್ತಿದ್ದರು. ನಡೆಸುವ ಪಕ್ಕವೆಂಬ ಅರ್ಥದ ‘ಸ್ಟಿಯರ್‌ಬೋರ್ಡ್’ ಸವೆದು ಹೀಗಾಯಿತು. ಎಡಪಕ್ಕಕ್ಕೆ ‘ಲಾರ್‌ಬೋರ್ಡ್’ ಎನ್ನುತ್ತಿದ್ದರು. ಗಾಳಿಯ ಬೊಬ್ಬೆಯಲ್ಲಿ ಎರಡು ಹೆಸರುಗಳೂ ಒಂದೇ ಆಗಿ ಕೇಳಿಸಿ ಗೊಂದಲವಾಗುತ್ತಿದ್ದುದರಿಂದ ಬ್ರಿಟಿಷ್ ನೌಕಾಡಳಿತವು 1844ರಲ್ಲಿ ‘ಪೋರ್ಟ್’ ಎಂಬ ಪದವನ್ನೇ ಬಳಸತಕ್ಕದ್ದೆಂದು ಆಜ್ಞೆ ಮಾಡಿತು. ವಿಮಾನ ನಿಲ್ದಾಣದಲ್ಲಿ ನಮಗೆ ಕೊಡುವ ‘ಬೋರ್ಡಿಂಗ್ ಪಾಸ್’ ಈ ಹಡಗಿನ ವಂಶಕ್ಕೆ ಸೇರಿದ್ದು. ವಸತಿಗೃಹದ ‘ಬೋರ್ಡಿಂಗ್’ ಬೇರೆ.

ಅದು ಊಟದ ವಂಶ. ಹಲಗೆಯನ್ನು ಕಾಲುಗಳ ಮೇಲಿಟ್ಟರೆ ಮೇಜಾಯಿತು. ಮೇಜಿನ ಮೇಲೆ ಬಡಿಸಿದ ಆಹಾರಕ್ಕೂ ಕ್ರಮೇಣ ಅದೇ ಹೆಸರು ಸಂದಿತು. ಹಣ ಕೊಟ್ಟು ಇನ್ನೊಬ್ಬರ ಮನೆಯಲ್ಲಿ ಉಣ್ಣುವವನು ‘ಬೋರ್ಡರ್’. ಮಕ್ಕಳು ಉಂಡು ಮಲಗಿ ಕಲಿಯುವ ಶಾಲೆ ‘ಬೋರ್ಡಿಂಗ್ ಸ್ಕೂಲ್’. ‘ಕಪ್‌ಬೋರ್ಡ್’ ಎಂಬುದೂ ಮೊದಲು ಬಟ್ಟಲುಗಳನ್ನು ಜೋಡಿಸಿಡುವ ಮೇಜೇ ಆಗಿತ್ತು. ಬಾಗಿಲು ಹಚ್ಚಿಕೊಂಡು ಕಪಾಟಾದುದು ಆಮೇಲಿನ ಮಾತು. ಇಸ್ಪೀಟಿನಾಟದಲ್ಲಿ ಕೈಗಳನ್ನು ಮೇಜಿನ ಕೆಳಗೆ ಇಳಿಸದೆ ಮೇಲೆಯೇ ಇಟ್ಟುಕೊಳ್ಳುವವನು ಮೋಸಮಾಡುವಂತಿಲ್ಲ. ಆದ್ದರಿಂದ ನಿಷ್ಕಪಟವಾದ ವ್ಯವಹಾರಕ್ಕೆ ‘ಅಬವ್ ಬೋರ್ಡ್’ ಎಂಬ ನುಡಿಗಟ್ಟು ಬಂತು.

ಮೇಜಿನ ಸುತ್ತ ಉಂಡವರು ಸುಮ್ಮನೆ ಏಳುವರೆ? ಕುಳಿತು ಆಲೋಚನೆ ಮಾಡಿದರು. ಹೀಗೆ 16ನೆಯ ಶತಮಾನದ ಹೊತ್ತಿಗೆ ಆಲೋಚನೆಗೆ ಕುಳಿತ ಸಭೆಗೂ ‘ಬೋರ್ಡ್’ ಎಂಬ ಹೆಸರು ರೂಢವಾಯಿತು. ಇಂಗ್ಲೆಂಡಿನಲ್ಲಿ 1870ರ ಪ್ರಾಥಮಿಕ ಶಿಕ್ಷಣ ಕಾಯಿದೆಯಂತೆ ಊರೂರಿಗೆ ‘ಸ್ಕೂಲ್ ಬೋರ್ಡ್’ಗಳು ಚುನಾಯಿತವಾದುವು, ಅವು ನಡೆಸಿದ ಶಾಲೆಗಳು ‘ಬೋರ್ಡ್ ಸ್ಕೂಲ್’ಗಳು. ನಮ್ಮ ನಾಡು ಅಂದು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1884ರ ಮದರಾಸು ಸ್ಥಳೀಯ ಬೋರ್ಡುಗಳ ಕಾಯಿದೆ ಬಂದ ಬಳಿಕ ಇಲ್ಲಿಯೂ ಡಿಸ್ಟ್ರಿಕ್ಟ್ ಬೋರ್ಡು, ತಾಲೂಕು ಬೋರ್ಡು ಎಂಬ ಹೆಸರುಗಳು ಮನೆಮಾತಾದುವು. ನಮ್ಮ ಹಿರಿಯರು ‘ಬೋರ್ಡು ಶಾಲೆ’ಯೆಂದರೆ ಅದು ಕರಿಹಲಗೆಯಿದ್ದ ಶಾಲೆಯೆಂಬ ಅರ್ಥದಲ್ಲಲ್ಲ, ಬೋರ್ಡಿನವರು ನಡೆಸುವ ಶಾಲೆಯೆಂಬ ಅರ್ಥದಲ್ಲಿ.

ಇನ್ನು ಕರಿಹಲಗೆ. ಇಡೀ ತರಗತಿಗೆ ಕಾಣುವಂತಹ ದೊಡ್ಡ ಕಪ್ಪು ಹಲಗೆ ಪಾಶ್ಚಾತ್ಯ ಶಾಲೆಗಳಲ್ಲಿ ಬಳಕೆಗೆ ಬಂದುದು 19ನೆಯ ಶತಮಾನದ ಆದಿಭಾಗದಲ್ಲಿ. ಎಡಿನ್‌ಬರೋದ ಹೈಸ್ಕೂಲಿನ ಮುಖ್ಯಸ್ಥರಾಗಿದ್ದ ಜೇಮ್ಸ್ ಪಿಲನ್ಸ್ ಅವರು ಭೂಗೋಳ ಪಾಠಕ್ಕೆ ಇದನ್ನು ಬಳಸಿದ ಮೊದಲಿಗರಲ್ಲೊಬ್ಬರು. ಕಪ್ಪಿನ ಮೇಲೆ ಬಿಳಿಯಲ್ಲಿ ಬರೆಯುವುದು ನಮಗೇನೂ ಹೊಸತಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಬಳಪದಿಂದ ಬರೆಯುವ ‘ಕಡತ’ ಕನ್ನಡನಾಡಿನಲ್ಲಿ ಬಹುಕಾಲದಿಂದ ಇತ್ತು. ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿದ್ದ ಆ ಕಡತದ ಹೆಸರನ್ನು ಇಂದು ಕಚೇರಿಯ ಫೈಲಿಗೆ ಕೊಟ್ಟಿದ್ದೇವೆ. ಪದಗಳು ಅರ್ಥ ಬದಲಿಸುವುದು ಇಂಗ್ಲಿಷಿನಲ್ಲಿ ಮಾತ್ರವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ಭಾಷೆಯ ಹಲಗೆಯ ಕಡೆಗೊಮ್ಮೆ ನೋಡೋಣ. ಸಂಸ್ಕೃತದ ‘ಫಲಕ’, ಕನ್ನಡದ ‘ಹಲಗೆ’, ಮಲಯಾಳದ ‘ಪಲಕ’, ತಮಿಳಿನ ‘ಪಲಗೈ’ ಇವು ಒಂದೇ ಕುಟುಂಬದವೆಂಬುದು ಕಿವಿಗೇ ತಿಳಿಯುತ್ತದೆ. ಮಧುರೆಯ ಸಂಗಪ್ಪಲಗೈಯ ಐತಿಹ್ಯ ಪ್ರಸಿದ್ಧವಾದುದು: ಯೋಗ್ಯನಾದ ಕವಿಗೆ ಮಾತ್ರ ಸ್ಥಾನ ಕೊಡುತ್ತಿದ್ದ ಹಲಗೆಯದು. ಅಲ್ಲಿ ಹಲಗೆಗೂ ವಿದ್ವತ್ಸಭೆಗೂ ನಂಟು ಬೆಳೆಯಿತು. ಉಣ್ಣುವುದಕ್ಕೂ ಆಡುವುದಕ್ಕೂ ನಮ್ಮಲ್ಲಿ ‘ಮಣೆ’ಯುಂಟು: ಊಟದ ಮಣೆ, ಹಸೆಮಣೆ, ತುರಿಮಣೆ, ಮಳೆಗಾಲದಲ್ಲಿ ಮಕ್ಕಳು ಆಡುತ್ತಿದ್ದ ಚೆನ್ನೆಮಣೆ. ಒಬ್ಬರನ್ನು ಗೌರವಿಸಿ ಬರಮಾಡಿಕೊಳ್ಳುವುದಕ್ಕೆ ‘ಮಣೆ ಹಾಕು’ ಎನ್ನುತ್ತೇವೆ. ಆದರೆ ಸಭೆಯ ಅರ್ಥದ ‘ಬೋರ್ಡ್’ ಪದವನ್ನು ಕನ್ನಡಿಸುವಾಗ ನಾವು ಹಲಗೆಗೂ ಹೋಗಲಿಲ್ಲ, ಮಣೆಗೂ ಹೋಗಲಿಲ್ಲ, ‘ಮಂಡಳಿ’ ಎಂದೆವು. ಅವರ ಸಭೆಗೆ ಹೆಸರು ಬಂದುದು ನಡುವಿನ ಮೇಜಿನಿಂದ, ನಮ್ಮದಕ್ಕೆ ಕುಳಿತವರ ವೃತ್ತದಿಂದ.

ಇನ್ನೊಂದು ಸಾಮ್ಯ ನನ್ನನ್ನು ಬಹಳವಾಗಿ ಸೆಳೆದಿದೆ. ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ‘ಬೋರ್ಡ್’ ಎಂದರೆ ಗುರಾಣಿಯೂ ಹೌದು. ಯೋಧರು ಹಿಡಿಯುತ್ತಿದ್ದುದು ಹಲಗೆಯ ಗುರಾಣಿಯನ್ನೇ. ಸಂಸ್ಕೃತದ ‘ಫಲಕ’ಕ್ಕೂ ಗುರಾಣಿಯೆಂಬ ಅರ್ಥವುಂಟು. ಸಾವಿರಾರು ಮೈಲಿ ದೂರದ ಎರಡು ನಾಡುಗಳಲ್ಲಿ ಜನರು ಹಲಗೆಯನ್ನು ಕಂಡು ಒಂದೇ ರೀತಿ ಯೋಚಿಸಿದರು: ಬರೆಯಬಹುದು, ಕುಳಿತುಕೊಳ್ಳಬಹುದು, ಅಗತ್ಯ ಬಿದ್ದರೆ ಅದರ ಹಿಂದೆ ನಿಂತು ಪ್ರಾಣ ಉಳಿಸಿಕೊಳ್ಳಬಹುದು.

ಅಂಚೆಂಬ ಅರ್ಥದ ‘ಬೋರ್ಡ್’ ಏನಾಯಿತು? ಅದು ಫ್ರೆಂಚರ ಕಡೆ ಹೋಗಿ, ಅಲ್ಲಿಂದ ರೂಪ ಬದಲಿಸಿಕೊಂಡು ಇಂಗ್ಲಿಷಿಗೆ ಮರಳಿ ಬಂತು. ಅದೇ ‘ಬಾರ್ಡರ್’. ಮೊದಲು ಬಟ್ಟೆಯ ಅಂಚು, ಆಮೇಲೆ ಇಂಗ್ಲೆಂಡ್ ಸ್ಕಾಟ್ಲೆಂಡುಗಳ ನಡುವಣ ಗಡಿ, ಕೊನೆಗೆ ಎಲ್ಲ ದೇಶಗಳ ಗಡಿ. ಸೀರೆಯ ಬಾರ್ಡರು, ರಾಜ್ಯದ ಬಾರ್ಡರು ಎರಡೂ ಈಗ ನಮ್ಮ ಮಾತಿನಲ್ಲಿವೆ. ಕನ್ನಡವು ಬಟ್ಟೆಗೆ ಅಂಚು, ನೆಲಕ್ಕೆ ಗಡಿ ಎಂದು ಬೇರೆ ಬೇರೆ ಪದಗಳನ್ನು ಇಟ್ಟುಕೊಂಡಿದೆ. ಬೋರ್ಡು, ಬಾರ್ಡರು ಬಂಧುಗಳೆಂಬ ಸಂಗತಿ ಇತರರಿಗೆ ಕೇವಲ ಕುತೂಹಲದ್ದು. ನಮಗೆ ಅಷ್ಟೇ ಅಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮ ಶಾಲೆಗಳು ಬಾರ್ಡರಿನ ಶಾಲೆಗಳು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿತು, ಅದು ಕಾರ್ಯಗತವಾಗಲಿಲ್ಲ. ಗಡಿಯು ಅಲುಗಲಿಲ್ಲ, ಆದರೆ ಬೋರ್ಡುಗಳು ಅಲುಗಿದುವು. ಬಸ್ಸಿನ ಬೋರ್ಡನ್ನು ಓದಲಾರದೆ ಹುಡುಗರನ್ನು ಕೇಳಿ ಹತ್ತುವ ವೃದ್ಧರನ್ನು ನಾನು ಅನೇಕ ಸಲ ಕಂಡಿದ್ದೇನೆ. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಮಕ್ಕಳೂ ಪೋಷಕರೂ ಪ್ರತಿಭಟಿಸಬೇಕಾಗಿ ಬಂದ ಸಂದರ್ಭಗಳೂ ಜಿಲ್ಲೆಯಲ್ಲಿ ಉಂಟು.

ನ್ಯಾಯ ನಮ್ಮ ಕಡೆಗಿಲ್ಲವೆಂದಲ್ಲ. 1956ರ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಒದಗಿಸಲು ರಾಜ್ಯವೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸತಕ್ಕದ್ದೆಂದು ಹೇಳುತ್ತದೆ. ಅದನ್ನು ನಾವು ಕೇಳಿ ಪಡೆಯಬೇಕು. ಕನ್ನಡದ ನಾಮಫಲಕವನ್ನೂ ಕೇಳಬೇಕು. ಆದರೆ ನಾಮಫಲಕವನ್ನು ಒಂದು ಸರಕಾರಿ ಆಜ್ಞೆಯಿಂದ ಹಾಕಿಸಬಹುದು; ಓದುವವರನ್ನು ಆಜ್ಞೆಯಿಂದ ಸೃಷ್ಟಿಸಲಾಗದು. ಅವರು ಹುಟ್ಟುವುದು ಒಳಗಿನ ಕರಿಹಲಗೆಯ ಮುಂದೆ. ನಮ್ಮ ಮನೆಗಳ ಮಕ್ಕಳೇ ಇಂಗ್ಲಿಷ್ ಮಾಧ್ಯಮದ ವಾಹನ ಹತ್ತಿ ಹೋದರೆ, ಹೊರಗಿನ ಬೋರ್ಡಿನ ಅಕ್ಷರ ಎಷ್ಟು ದೊಡ್ಡದಿದ್ದರೇನು? ಇಂಗ್ಲಿಷ್ ಪಾಠ ಹೇಳಿ ಜೀವನ ಸಾಗಿಸಿದ ನಾನು ಇಂಗ್ಲಿಷ್ ಬೇಡವೆಂದು ಹೇಳುವವನಲ್ಲ. ಈ ಶಾಲೆಯ ಕರಿಹಲಗೆಯಲ್ಲಿ ಕನ್ನಡವನ್ನು ಗಟ್ಟಿಯಾಗಿ ಕಲಿತುದರಿಂದಲೇ ನನಗೆ ಇಂಗ್ಲಿಷೂ ದಕ್ಕಿತೆಂಬುದು ನನ್ನ ಅನುಭವ.

ಹಳೆವಿದ್ಯಾರ್ಥಿ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಊಟದ ಹಲಗೆಯ ಸುತ್ತ, ಅಂದರೆ ಮನೆಯಲ್ಲಿ ಉಣ್ಣುವ ಹೊತ್ತಿಗಾದರೂ, ಮಕ್ಕಳೊಡನೆ ಕನ್ನಡದಲ್ಲಿ ಮಾತನಾಡಿರಿ. ಆಡಳಿತದ ಮಂಡಳಿ ಕರೆದಾಗ ಬಂದು ಕುಳಿತುಕೊಳ್ಳಿರಿ. ವರ್ಷಕ್ಕೊಂದು ಮಗುವನ್ನಾದರೂ ಕರಿಹಲಗೆಯ ಮುಂದೆ ತಂದು ಕೂರಿಸಿರಿ. ಇವು ಮೂರೂ ‘ಬೋರ್ಡ್’ ಎಂಬ ಒಂದೇ ಪದದೊಳಗೆ ಅಡಗಿದ ಅರ್ಥಗಳು. ನಾಲ್ಕನೆಯದಾದ ಗುರಾಣಿಯೆಂಬ ಅರ್ಥವು ಇವು ಮೂರೂ ಕೂಡಿದಲ್ಲಿ ತಾನಾಗಿ ಒದಗೀತು. ಐವತ್ತು ವರ್ಷ ಅಕ್ಷರ ಕಾಣಿಸಿದ ನಮ್ಮ ಶಾಲೆಯ ಹಲಗೆ ಮುಂದಿನ ಐವತ್ತು ವರ್ಷವೂ ಬರಿದಾಗದಿರಲೆಂದು ಹಾರೈಸುತ್ತೇನೆ.