ಖಾಲಿ ಪಿಕಪ್‌ಗೆ ಎಷ್ಟು ಉಸುಕು ಹೇರಬೇಕು?

ಅಮೆರಿಕ, ಕೆನಡಾಗಳಲ್ಲಿ ಹಿಮ ಬೀಳುವ ಕಾಲಕ್ಕೆ ಪಿಕಪ್ ಇಟ್ಟವರು ಹಿಂದಿನ ಬಾಡಿಯಲ್ಲಿ ಉಸುಕಿನ ಚೀಲ ಹೇರಿಕೊಂಡು ಓಡಾಡುತ್ತಾರೆ. ಬೀದರಿಗೆ ಹಿಮ ಎಲ್ಲಿಂದ ಬರಬೇಕು ಎಂದು ನಗುವವರು ಡಿಸೆಂಬರಿನ ಒಂದು ಮುಂಜಾನೆ ಔರಾದ್ ರಸ್ತೆಯಲ್ಲಿ ಖಾಲಿ ಗಾಡಿ ಓಡಿಸಿ ನೋಡಲಿ. ಭಾಲ್ಕಿ, ಔರಾದ್ ಕಡೆಯ ತೊಗರಿ, ಸೋಯಾ ಹೇರಿಕೊಂಡು ಬೀದರಿನ ಗಾಂಧಿಗಂಜಿಗೆ ಓಡಾಡಿ ಕಲಿತದ್ದನ್ನು ಬರೆದಿದ್ದೇನೆ.

1. ಗಾಡಿ ಕೈ ಕೊಡುವುದು ಮಾಲು ಇಳಿಸಿದ ಮೇಲೆ. ಎಂಜಿನ್, ಕ್ಯಾಬಿನ್, ಚಾಲಕ ಎಲ್ಲ ಮುಂದೆಯೇ. ಹಿಂದೆ ಬರೀ ತಗಡಿನ ಬಾಡಿ. ಆದರೆ ಬೊಲೆರೊ ಪಿಕಪ್ ಇರಲಿ, ಟಾಟಾ ಏಸ್ ಇರಲಿ, ಎಂಜಿನ್ ತಿರುಗಿಸುವುದು ಹಿಂದಿನ ಗಾಲಿಗಳನ್ನು. ಬ್ರೇಕ್ ಒತ್ತಿದಾಗ ಇದ್ದಷ್ಟು ಭಾರವೂ ಮುಂದಕ್ಕೆ ವಾಲುತ್ತದೆ. ಹಗುರಾದ ಹಿಂದಿನ ಗಾಲಿ ಬಿಗಿದು ನಿಂತು, ತಿರುವಿನಲ್ಲಿ ಗಾಡಿಯ ಬಾಲವೇ ಮುಂದೆ ಬರಲು ನೋಡುತ್ತದೆ. ಟನ್ನುಗಟ್ಟಲೆ ಭಾರ ಹೊರಲೆಂದು ಮಾಡಿದ ಗಟ್ಟಿ ಕಮಾನು, ಖಾಲಿ ಇದ್ದಾಗ ಪ್ರತಿ ತಗ್ಗಿಗೂ ಗಾಲಿಯನ್ನು ನೆಲದಿಂದ ಎತ್ತಿ ಕುಣಿಸುತ್ತದೆ.

2. ನಮ್ಮ ಹಿಮ ಹೊಲದಿಂದ ಬರುತ್ತದೆ. ಎರೆ ಹೊಲದಿಂದ ಡಾಂಬರಿಗೆ ಹತ್ತುವ ಟ್ರ್ಯಾಕ್ಟರಿನ ಗಾಲಿ ಹೆಂಟೆ ಹೆಂಟೆ ಮಣ್ಣು ಉದುರಿಸಿಕೊಂಡು ಹೋಗುತ್ತದೆ. ಅದರ ಮೇಲೆ ರಾತ್ರಿಯ ಇಬ್ಬನಿ ಬಿದ್ದರೆ ಬೆಣ್ಣೆ ಸವರಿದ ಹಾಗೆ. ಹುಂಜಿಯ ಮಹಾತ್ಮ ಗಾಂಧಿ ಸಕ್ಕರೆ ಕಾರ್ಖಾನೆಯ ಕಡೆ ಹೋದರೆ, ಟ್ರಾಲಿಯಿಂದ ಬಿದ್ದು ಜಜ್ಜಿದ ಕಬ್ಬು. ಎಲ್ಲಕ್ಕಿಂತ ಕಠಿಣ ರಸ್ತೆ ಮೇಲಿನ ರಾಶಿ. ಗಾಡಿಗಳ ಗಾಲಿ ತುಳಿದು ಕಾಳು ಬಿಡಿಸಲಿ ಎಂದು ರೈತರು ಬೆಳೆಯನ್ನು ಡಾಂಬರಿನ ಮೇಲೆ ಹರವುತ್ತಾರೆ. ಕಾಳು, ಹೊಟ್ಟು, ಒಣ ಬಳ್ಳಿ ಗಾಲಿಯ ಕೆಳಗೆ ಉರುಳುತ್ತವೆ; ಅದರ ಮೇಲೆ ಬ್ರೇಕ್ ಒತ್ತಿದರೆ ಹಿಡಿತ ಸಿಗುವುದಿಲ್ಲ. ಬಳ್ಳಿ ಶಾಫ್ಟಿಗೆ ಸುತ್ತಿಕೊಂಡು, ಸೈಲೆನ್ಸರಿನ ಬಿಸಿಗೆ ಬೆಂಕಿ ಹತ್ತುವುದೂ ಉಂಟು. ದಾಟಿದ ಮೇಲೆ ಇಳಿದು ಗಾಡಿಯ ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು. ರೈತನ ಮೇಲೆ ಸಿಟ್ಟಾಗಿ ಉಪಯೋಗವಿಲ್ಲ, ಅವನಿಗೂ ಕಣ ಇಲ್ಲ.

3. ಎಷ್ಟು ಭಾರ, ಎಲ್ಲಿ? 1.3 ಟನ್ ಹೊರುವ ಪಿಕಪ್ಪಿಗೆ 40 ಕಿಲೊದ ನಾಲ್ಕೈದು ಚೀಲ ಸಾಕು. ಹೇರುವ ಜಾಗ ಮಾತ್ರ ತಪ್ಪಬಾರದು: ಹಿಂದಿನ ಆ್ಯಕ್ಸಲ್ಲಿನ ನೆತ್ತಿಯ ಮೇಲೆ, ಇಲ್ಲವೇ ಅಲ್ಲಿಂದ ಗೇಣು ಮುಂದೆ. ಇಳಿಸಲು ಸುಲಭ ಎಂದು ಹಮಾಲರು ಹಿಂಬದಿಯ ಫಾಲ್ಕಾದ ಹತ್ತಿರವೇ ಒಗೆಯುತ್ತಾರೆ. ಭಾರ ಆ್ಯಕ್ಸಲ್ಲಿನ ಹಿಂದೆ ಕೂತರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಕೈಯಲ್ಲಿ ತೇಲುತ್ತದೆ. ಅದಕ್ಕಿಂತ ಖಾಲಿ ಗಾಡಿಯೇ ವಾಸಿ.

4. ಕಲ್ಲು, ಕಬ್ಬಿಣದ ತುಂಡು ಬೇಡ. ಗಾಡಿ ಗುದ್ದಿಕೊಂಡು ನಿಂತರೂ ಅವು ನಿಲ್ಲುವುದಿಲ್ಲ, ಕ್ಯಾಬಿನ್ನಿನ ಬೆನ್ನಿಗೆ ಬಂದು ಬಡಿಯುತ್ತವೆ. ಉಸುಕಿನ ಚೀಲವನ್ನೂ ಕೊಂಡಿಗಳಿಗೆ ಅಡ್ಡಡ್ಡ ಹಗ್ಗ ಬಿಗಿದೇ ಕಟ್ಟಬೇಕು. ಎರೆಯಲ್ಲಿ ಗಾಲಿ ಹೂತರೆ ಒಂದು ಚೀಲ ಬಿಚ್ಚಿ ಗಾಲಿಯ ಕೆಳಗೆ ಸುರಿಯಬಹುದು. ಒಣ ಉಸುಕು ತುಂಬಿ. ಹಸಿಯದು ಬಾಡಿಗೆ ತುಕ್ಕು ಹಿಡಿಸುತ್ತದೆ.

5. ಪಾಟಾ ಏರಿಸುವ ಮುಂಚೆ ಗಾಡಿಯ ಕೆಳಗೆ ನೋಡಿ. ಹೆಚ್ಚು ಮಾಲು ಹೊರಲಿ ಎಂದು ಹಿಂದಿನ ಕಮಾನಿಗೆ ಇನ್ನೊಂದು ಪಾಟಾ ಹಾಕಿಸುವುದು ನಮ್ಮಲ್ಲಿ ಸಾಮಾನ್ಯ. ಕೆಲವು ಗಾಡಿಗಳಲ್ಲಿ ಆ್ಯಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಕಡ್ಡಿ ಜೋಡಿಸಿದ ವಾಲ್ವ್ ಇರುತ್ತದೆ. ಭಾರಕ್ಕೆ ಚಾಸಿ ಎಷ್ಟು ಕುಸಿಯಿತು ಎಂಬುದರ ಮೇಲೆ ಅದು ಹಿಂದಿನ ಬ್ರೇಕಿಗೆ ಒತ್ತಡ ಹಂಚುತ್ತದೆ. ಪಾಟಾ ಹೆಚ್ಚಾದರೆ ಚಾಸಿ ಕುಸಿಯುವುದಿಲ್ಲ; ಗಾಡಿ ತುಂಬಿದ್ದರೂ ಖಾಲಿ ಎಂದೇ ವಾಲ್ವ್ ತಿಳಿಯುತ್ತದೆ, ಹಿಂದಿನ ಬ್ರೇಕ್ ಅರ್ಧಂಬರ್ಧ ಹಿಡಿಯುತ್ತದೆ. ಖಾಲಿ ಇದ್ದಾಗ ಕುಣಿತವೂ ಮೊದಲಿಗಿಂತ ಜಾಸ್ತಿ. ಹಾಕಿಸಲೇಬೇಕೆಂದರೆ ಆ ಕಡ್ಡಿಯನ್ನು ಬಲ್ಲ ಮೇಸ್ತ್ರಿಯಿಂದ ಸರಿಮಾಡಿಸಿಕೊಳ್ಳಿ.

6. ಹವಾ ಮುಂಜಾನೆ, ಟಯರ್ ತಣ್ಣಗಿದ್ದಾಗಲೇ ನೋಡಬೇಕು. ಉಷ್ಣತೆ 10 ಡಿಗ್ರಿ ಇಳಿದರೆ ಸುಮಾರು 2 ಪಿಎಸ್‌ಐ ಇಳಿಯುತ್ತದೆ.

7. ಉಸುಕು ಹಿಡಿತ ಕೊಡುತ್ತದೆ, ವೇಗಕ್ಕೆ ಪರವಾನಗಿ ಕೊಡುವುದಿಲ್ಲ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಓಡುವ ದೂರ ನಾಲ್ಕು ಪಟ್ಟು. ಕೌಠಾದಲ್ಲಿ ಮಾಂಜ್ರಾ ದಾಟುವಾಗ ಮಂಜು ಕವಿದಿದ್ದರೆ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರಾಲಿ ಕಣ್ಣಿಗೆ ಬೀಳುವುದೇ ಮೂಗಿನ ಮುಂದೆ ಬಂದಾಗ. ಅಲ್ಲಿ ಯಾವ ಚೀಲವೂ ಕಾಯುವುದಿಲ್ಲ.

8. "ಹೆಂಗೂ ಖಾಲಿ ಹೊಂಟೀರಿ, ನಮಗೂ ಹತ್ತಿಸ್ಕೊಳ್ರಿ ಅಣ್ಣಾ" ಎಂದು ಕೂಲಿಗೆ ಬಂದವರು ಕೈ ಮಾಡುತ್ತಾರೆ. ಬಸ್ಸಿಲ್ಲದ ಹೊತ್ತಿನಲ್ಲಿ ಇಲ್ಲ ಎನ್ನುವುದು ಕಷ್ಟವೇ. ಆದರೆ ನಿಂತ ಜನ ತಿರುವಿನಲ್ಲಿ ಒಂದೇ ಕಡೆ ವಾಲುತ್ತಾರೆ, ಗಾಡಿಯನ್ನೂ ವಾಲಿಸುತ್ತಾರೆ. ಮಗುಚಿದರೆ ಹಿಡಿಯಲು ಏನೂ ಇರುವುದಿಲ್ಲ. ಸರಕು ಗಾಡಿಯಲ್ಲಿ ಹೀಗೆ ಜನರನ್ನು ಹೇರುವುದು ಕಾನೂನಿಗೂ ವಿರುದ್ಧ. ನಾನು ಹತ್ತಿಸಿಕೊಳ್ಳುವುದಿಲ್ಲ.

9. ಇನ್ನು ಲೆಕ್ಕ. ಉಸುಕೂ ಗಾಡಿಯ ತೂಕದಲ್ಲೇ ಸೇರುತ್ತದೆ. ತೊಗರಿ ತುಂಬಿ ಮೇಲೆ ಚೀಲವನ್ನೂ ಹೊತ್ತು ಮಿತಿ ದಾಟಿದರೆ, 2019ರ ಸೆಪ್ಟೆಂಬರಿನಿಂದ ಜಾರಿಯಾದ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಅದಕ್ಕೇ ಗಂಜಿನಲ್ಲಿ ಮಾಲು ಇಳಿಸಿದ ಮೇಲೆ ಸಂತಪುರದ ಕಡೆಗೆ ಹಿಂಡಿಯೋ ಗೊಬ್ಬರವೋ ಸಿಮೆಂಟೋ ಹೋಗುವುದಿದೆಯೇ ಎಂದು ನಾಲ್ಕು ಅಂಗಡಿ ಕೇಳುತ್ತೇನೆ. ಐದಾರು ಚೀಲ ಸಿಕ್ಕರೆ ಉಸುಕಿನ ಕೆಲಸ ಅದೇ ಮಾಡುತ್ತದೆ, ಡೀಸೆಲ್ಲಿನ ಖರ್ಚೂ ಒಂದಿಷ್ಟು ಹುಟ್ಟುತ್ತದೆ. ಅವನ್ನೂ ಆ್ಯಕ್ಸಲ್ಲಿನ ಮೇಲೆಯೇ ಇಟ್ಟು, ಹಗ್ಗ ಬಿಗಿದು, ಇಬ್ಬನಿ ತಾಗದಂತೆ ತಾಡಪತ್ರಿ ಮುಚ್ಚುತ್ತೇನೆ.